ಹೊಸ ತೊಡಕಿನ ಮೀನು

ಟೆಕ್ಸಸ್ಸಿನ ಆಸ್ಟಿನ್ ಪಕ್ಕದ ಲಿಯಾಂಡರ್ ಊರಿನ ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಳಗಿನದು ಅಮ್ಮನದು. ಅದರ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿತ್ತು, ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿತ್ತು; ಕೋಳಿಮೊಟ್ಟೆಗೂ ಅದರ ಹತ್ತಿರ ಸುಳಿಯುವ ಧೈರ್ಯವಿರಲಿಲ್ಲ. ಹೊರಗಿನದು ಅಪ್ಪನದು. ಗ್ಯಾರೇಜಿನ ಮೂಲೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರಕ್ಕೂ ನನ್ನ ಹಳೆಯ ಸೈಕಲ್ಲಿಗೂ ನಡುವೆ ಒಂದು ಗ್ಯಾಸ್ ಒಲೆ, ಮಸಿ ಹಿಡಿದ ಎರಡು ಪಾತ್ರೆ, ನಾಲ್ಕು ತಟ್ಟೆ, ಒಂದು ಸೌಟು. ಭಾನುವಾರ ಗ್ಯಾರೇಜಿನ ದೊಡ್ಡ ಬಾಗಿಲನ್ನು ಪೂರ್ತಿ ಮೇಲೆತ್ತಿ, ಪಂಚೆಯನ್ನೂ ಮೇಲೆತ್ತಿ ಕಟ್ಟಿ, ಬೀದಿಗೆ ಮುಖ ಮಾಡಿಕೊಂಡು ಅಪ್ಪ ಕೋಳಿ ಸಾರು ಮಾಡುತ್ತಿದ್ದ. ನಾಯಿ ಕರೆದುಕೊಂಡು ವಾಕಿಂಗ್ ಹೋಗುವ ಅಕ್ಕಪಕ್ಕದವರು ನಿಂತು ಮೂಗರಳಿಸುತ್ತಿದ್ದರು. ನಾಯಿಗಳಂತೂ ಮುಂದೆ ಹೆಜ್ಜೆ ಇಡಲು ಒಪ್ಪುತ್ತಲೇ ಇರಲಿಲ್ಲ. ಆಸ್ಟಿನ್ನಿನ ಕನ್ನಡದ ಅಂಕಲ್‌ಗಳು ಆ ಮೂಲೆಗೆ ಮಿಲಿಟರಿ ಹೋಟೆಲ್ ಎಂದು ಹೆಸರಿಟ್ಟಿದ್ದರು. ಅವರಲ್ಲಿ ಕೆಲವರು ತಮ್ಮ ಮನೆಯಲ್ಲಿ ಶುದ್ಧ ಸಸ್ಯಾಹಾರಿಗಳು, ನಮ್ಮ ಗ್ಯಾರೇಜಿನಲ್ಲಿ ಮಾತ್ರ ಅಲ್ಲ.

ಅಪ್ಪ ಮಂಡ್ಯ ಕಡೆಯವನು, ಅಮ್ಮ ಧಾರವಾಡದವಳು. ಇಬ್ಬರೂ ಬೆಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿದ್ದಾಗ ಒಬ್ಬರನ್ನೊಬ್ಬರು ಮೆಚ್ಚಿದರು, ಎರಡೂ ಮನೆಯವರು ಬೇಡವೆಂದರು, ಇವರು ಕೇಳಲಿಲ್ಲ. ಮದುವೆಗೆ ಮೊದಲೇ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅಮ್ಮನ ಅಡುಗೆಮನೆಗೆ ಮಾಂಸ ಬರಕೂಡದು. ಅಪ್ಪ ಹೊರಗೆ ಏನು ಬೇಕಾದರೂ ತಿನ್ನಲಿ. ಮಗು ಹುಟ್ಟಿದರೆ ಹತ್ತು ವರ್ಷದವರೆಗೆ ಅದು ಅಮ್ಮನ ಕಡೆಯ ಊಟವನ್ನೇ ಉಣ್ಣಬೇಕು. ಹತ್ತು ತುಂಬಿದ ಮೇಲೆ ಬರುವ ಹೊಸ ತೊಡಕಿನ ದಿನ ಮಗು ತಾನೇ ಬಾಯಿಬಿಟ್ಟು ಹೇಳಬೇಕು, ತಾನು ಯಾವ ಒಲೆಯ ಕಡೆಯದು ಎಂದು. ಇಬ್ಬರೂ ಇಂಜಿನಿಯರುಗಳಾದ್ದರಿಂದ ಇಂಥದೊಂದು ಒಪ್ಪಂದ ಬಹಳ ನ್ಯಾಯವಾದದ್ದು ಎಂದು ಅವರಿಗೆ ಅನ್ನಿಸಿರಬೇಕು. ಆ ಮಗು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

ಯುಗಾದಿಯ ದಿನ ಹೋಳಿಗೆ ತಿಂದು, ಮಾರನೆಯ ದಿನ ಮಾಂಸದ ಅಡುಗೆ ಮಾಡುವುದಕ್ಕೆ ಅಪ್ಪನ ಊರಿನಲ್ಲಿ ಹೊಸ ತೊಡಕು ಎನ್ನುತ್ತಾರೆ. ಆ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ಅವರ ನಂಬಿಕೆ. ಅಮ್ಮನ ಊರಿನಲ್ಲಿ ಅಂಥದ್ದೇನೂ ಇರಲಿಲ್ಲ. ಇದು ಅಪ್ಪ ತನ್ನ ಅನುಕೂಲಕ್ಕೆ ಹುಟ್ಟಿಸಿದ ಹಬ್ಬವೆಂದು ಮದುವೆಯಾದ ಎಷ್ಟೋ ವರ್ಷ ಅವಳು ತಿಳಿದಿದ್ದಳು. ನನಗೆ ಹತ್ತು ತುಂಬಿದ ವರ್ಷ ಯುಗಾದಿ ಶನಿವಾರ ಬಿತ್ತು, ತೊಡಕು ಭಾನುವಾರ. ಅಪ್ಪ ಜನವರಿಯಲ್ಲೇ ಕ್ಯಾಲೆಂಡರ್ ನೋಡಿ ಆ ಭಾನುವಾರದ ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದ. ಅಮ್ಮ ಅದನ್ನು ನೋಡಿದಳು. ಆ ವಾರದಿಂದ ನಮ್ಮ ಮನೆಯಲ್ಲಿ ಮಂಗಳವಾರಕ್ಕೂ ಸಿಹಿ ಆಗತೊಡಗಿತು.

ನನ್ನ ಕಷ್ಟ ಸರಳವಾಗಿತ್ತು. ಅಪ್ಪನ ಕಡೆ ಎಂದರೆ ಅಮ್ಮ ಅಳುತ್ತಾಳೆ, ಅಮ್ಮನ ಕಡೆ ಎಂದರೆ ಅಪ್ಪ ಅಳುವುದಿಲ್ಲ, ನಗುತ್ತಾನೆ, ಅದು ಇನ್ನೂ ಕೆಟ್ಟದ್ದು. ಸ್ಕೂಲಿನಲ್ಲಿ ಗಣಿತದ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಮಲಗುವ ಮುಂಚೆ ಹಾಸಿಗೆಯಲ್ಲಿ ಕೂತು ಎರಡು ಉತ್ತರಗಳನ್ನೂ ಹೇಳಿ ನೋಡುತ್ತಿದ್ದೆ. ಇಂಗ್ಲಿಷಿನಲ್ಲಿ ಎರಡೂ ಸಲೀಸಾಗಿ ಬರುತ್ತಿದ್ದವು, ಕನ್ನಡದಲ್ಲಿ ಒಂದೂ ಬಾಯಿಂದ ಹೊರಡುತ್ತಿರಲಿಲ್ಲ.

ಮಗಳು ಮೊದಲ ಸಲ ಬಾಯಿಗಿಡುವುದು ಅಂಗಡಿಯ ಫ್ರೀಜರಿನ ತುಂಡಾಗಬಾರದು, ತಾನೇ ಹೊಳೆಯಲ್ಲಿ ಹಿಡಿದ ಮೀನಾಗಬೇಕು ಎಂದು ಅಪ್ಪ ತೀರ್ಮಾನಿಸಿದ. ಕಷ್ಟವೆಂದರೆ ಅಪ್ಪನಿಗೆ ಮೀನು ಹಿಡಿಯಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾಲೆಯಲ್ಲಿ ಟವೆಲ್ಲು ಹಿಡಿದು ನಿಂತದ್ದಷ್ಟೇ ಅವನ ಅನುಭವ. ಆಗ ಸಿಕ್ಕ ಗುರು ಎರಡು ಮನೆಯಾಚೆಯ ಕಾರ್ಲ್ ಅಂಕಲ್. ಮಿನೆಸೋಟಾದಲ್ಲಿ ಹುಟ್ಟಿ ಬೆಳೆದು, ರಿಟೈರ್ ಆದ ಮೇಲೆ ಮಗಳ ಮನೆಗೆ ಹತ್ತಿರವಿರಲೆಂದು ಟೆಕ್ಸಸ್ಸಿಗೆ ಬಂದ ಎತ್ತರದ ಮುದುಕ. ಅವರಿಗೆ ಜಗತ್ತಿನಲ್ಲಿ ಮೀನೆಂದರೆ ಎರಡೇ, ವಾಲೈ ಮತ್ತು ಸಾಗರ್. ಅವರ ಊರಿನಲ್ಲಿ ವಸಂತ ಬಂದು ನದಿಯ ಮೇಲಿನ ಹಿಮ ಒಡೆದ ಕೂಡಲೇ ಮೊದಲು ಸಾಗರ್, ಆಮೇಲೆ ವಾಲೈ, ಪ್ರವಾಹಕ್ಕೆ ಎದುರಾಗಿ ಮೇಲೆ ಹೋಗುತ್ತವಂತೆ. ಕತ್ತಲಲ್ಲಿ ವಾಲೈ ಮೀನಿನ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದಂತೆ. ಹೆಂಡತಿಯ ಫೋಟೋ ಇರಬೇಕಾದ ಕಡೆ ಅವರು ಕೆಡದಂತೆ ಒಣಗಿಸಿ ಹಲಗೆಗೆ ಬಡಿದ ಒಂದು ವಾಲೈ ಇಟ್ಟುಕೊಂಡಿದ್ದರು. ಹೆಂಡತಿಯ ಫೋಟೋ ಅದರ ಪಕ್ಕದಲ್ಲಿ, ಸ್ವಲ್ಪ ಸಣ್ಣದಾಗಿ ಇತ್ತು.

ನಮ್ಮ ಕಡೆಯ ಸ್ಯಾನ್ ಗೇಬ್ರಿಯಲ್ ಹೊಳೆಯಲ್ಲಿ ಈ ಎರಡೂ ಮೀನು ಇರಲಿಲ್ಲ. ಅಲ್ಲಿ ವಸಂತದಲ್ಲಿ ಕೆರೆಯಿಂದ ಹೊಳೆಗೆ ಹತ್ತುತ್ತಿದ್ದದ್ದು ವೈಟ್ ಬ್ಯಾಸ್, ಬೆಳ್ಳಿ ಮೈಯ ಮೇಲೆ ಕಪ್ಪು ಗೆರೆ ಎಳೆದ ಮೀನು. ಕಾರ್ಲ್ ಅಂಕಲ್ ಅದನ್ನು ಮೀನೆಂದು ಒಪ್ಪುತ್ತಿರಲಿಲ್ಲ, ಬೇರೆ ಗತಿಯಿಲ್ಲದೆ ಸಹಿಸುತ್ತಿದ್ದರು. ಆದರೂ ಕಲಿಸಿದ್ದು ಮಾತ್ರ ವಾಲೈಯ ವಿದ್ಯೆಯನ್ನೇ. ಸೀಸದ ತಲೆಯ ಪುಟ್ಟ ಗಾಳ. ಅದಕ್ಕೆ ಜೀವಂತ ಮರಿಮೀನು. ನೀರು ಬರುವ ದಿಕ್ಕಿಗೆ ಎಸೆದು, ದಾರ ಬಿಗಿಯಾಗಿ ಹಿಡಿದು, ಗಾಳ ತಳದ ಕಲ್ಲುಗಳ ಮೇಲೆ ಟಕ್ ಟಕ್ ಎಂದು ಉರುಳಿಕೊಂಡು ಬರುವುದನ್ನು ಬೆರಳಲ್ಲಿ ಕೇಳಬೇಕು. ಟಕ್ ಎಂದರೆ ಕಲ್ಲು. ಟಕ್ ನಿಂತರೆ ಮೀನು. ಅಪ್ಪ ಇದನ್ನೆಲ್ಲ ಆಫೀಸಿನ ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದುಕೊಂಡ. ಸಾಗರ್ ಎಷ್ಟು ಆಳದಲ್ಲಿರುತ್ತದೆ, ವಾಲೈಗೆ ಯಾವ ಬಣ್ಣದ ಗಾಳ ಇಷ್ಟ, ಎಲ್ಲವೂ ಅವನ ಬಾಯಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಇಲ್ಲದ ಮೀನಿನ ಬಗ್ಗೆ ಅಪ್ಪನಿಗೆ ಗೊತ್ತಿಲ್ಲದ್ದು ಯಾವುದೂ ಉಳಿಯಲಿಲ್ಲ. ಬೆಳಗ್ಗೆ ಹಲ್ಲುಜ್ಜಿಕೊಂಡು ಲಿವಿಂಗ್ ರೂಮಿನಲ್ಲಿ ಗಾಳದ ಕೋಲು ಬೀಸಿ ಅಭ್ಯಾಸ ಮಾಡುತ್ತಿದ್ದ. ಸೋಫಾದ ಮೇಲೆ ಕೂತ ನಾನು ಹೊಳೆ.

ಮನೆಯಲ್ಲಿ ದೊಡ್ಡ ಜಗಳ ಆದದ್ದು ಮಾರ್ಚಿನ ಒಂದು ಶುಕ್ರವಾರ. ಮಾರನೆಯ ದಿನ ಹೊಳೆಯಲ್ಲಿ ಅಭ್ಯಾಸಕ್ಕೆಂದು ಅಪ್ಪ ಗಾಳ ಮಾರುವ ಅಂಗಡಿಯಿಂದ ಎರಡು ಡಜನ್ ಮರಿಮೀನು ತಂದಿದ್ದ. ತಣ್ಣಗಿಟ್ಟರೆ ಬದುಕಿರುತ್ತವೆ ಎಂದು ಕಾರ್ಲ್ ಅಂಕಲ್ ಹೇಳಿದ್ದರು. ಗ್ಯಾರೇಜಿನಲ್ಲಿ ಫ್ರಿಜ್ ಇರಲಿಲ್ಲ. ನಮ್ಮ ಮನೆಯಲ್ಲಿ ಖಾಲಿಯಾದ ಮೊಸರಿನ ಡಬ್ಬಿ ಎಸೆಯುವ ಪದ್ಧತಿಯೂ ಇರಲಿಲ್ಲ. ಅಮ್ಮ ಊಟಕ್ಕೆ ಬಡಿಸುತ್ತ ಫ್ರಿಜ್ಜಿನಿಂದ ಮೊಸರಿನ ಡಬ್ಬಿಯೊಂದನ್ನು ತೆಗೆದು, ನೋಡದೆಯೇ ಸೌಟು ಅದ್ದಿ, ನನ್ನ ಅನ್ನದ ಮೇಲೆ ಹಿಡಿದಳು. ಸೌಟಿನೊಳಗಿಂದ ಒಂದು ಮರಿ ನನ್ನ ತಟ್ಟೆಗೆ ಹಾರಿ ಉಪ್ಪಿನಕಾಯಿಯ ಪಕ್ಕ ಕುಣಿಯತೊಡಗಿತು. ಅಮ್ಮ ಕಿರುಚಲಿಲ್ಲ. ಸೌಟನ್ನು ಡಬ್ಬಿಗೆ ವಾಪಸು ಬಿಟ್ಟು, ಮುಚ್ಚಳ ಹಾಕಿ, ಅಪ್ಪನ ಮುಂದಿಟ್ಟಳು.

“ಏನ್ರಿ ಇದು?”

“ಮೀನ್ ಮರಿ ಕಣೆ. ಬೆಳಗ್ಗೆ ಎತ್ಕೊಂಡು ಹೋಯ್ತೀನಿ.”

“ಬೆಳಿಗ್ಗೆ ತನಕಾ ಇವು ನನ್ನ ಫ್ರಿಜ್‌ನ್ಯಾಗ ಇರೂವು?”

“ಮುಚ್ಚಳ ಹಾಕಿದ್ನಲ್ಲ.”

“ಮುಚ್ಚಳ ಹಾಕಿದ್ರ ಆತೇನ್ರಿ? ನಾಳೆ ಇದಕ್ಕ ಹೆಪ್ಪ ಹಾಕಿದ್ರ ಏನ್ ಗತಿ?”

ಅಪ್ಪ ನಕ್ಕುಬಿಟ್ಟ. ಅದೇ ತಪ್ಪಾಯಿತು. ಮೂರು ದಿನ ಅವನಿಗೆ ಮೊಸರಿಲ್ಲ, ಮಜ್ಜಿಗೆಯಿಲ್ಲ. ಸಾರನ್ನ ಉಂಡು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದ. ಅಮ್ಮ ಅವನನ್ನು ದಾಟಿ ಬಂದು ನನಗೆ ಬಡಿಸಿ, ಡಬ್ಬಿ ಮುಚ್ಚಿ ಹೋಗುತ್ತಿದ್ದಳು. ಮಂಡ್ಯದವನಿಗೆ ಮಜ್ಜಿಗೆಯಿಲ್ಲದ ಊಟ ಊಟವಲ್ಲ. ಮೂರನೆಯ ದಿನ ಅವನು ಫ್ರಿಜ್ಜಿನ ಎಲ್ಲ ಡಬ್ಬಿಗಳನ್ನೂ ತಾನೇ ತೊಳೆದು, ಒಂದೊಂದರ ಮೇಲೂ ಏನಿದೆ ಎಂದು ಚೀಟಿ ಬರೆದು ಅಂಟಿಸಿದ. ನಾಲ್ಕನೆಯ ದಿನ ಮಜ್ಜಿಗೆ ಬಂತು, ಉಪ್ಪಿಲ್ಲದೆ. ಮೀನಿನ ಮರಿಗಳ ವಾಸಸ್ಥಾನ ಅಂದಿನಿಂದ ಕಾರ್ಲ್ ಅಂಕಲ್ ಮನೆಯ ಫ್ರಿಜ್.

ಯುಗಾದಿಯ ಶನಿವಾರ ಅಮ್ಮ ತನ್ನ ಕೈಚಳಕವನ್ನೆಲ್ಲ ತೋರಿಸಿದಳು. ಹೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಒಬ್ಬ ಆಂಟಿ ಕುಂಡದಲ್ಲಿ ಬೇವಿನ ಗಿಡ ಬೆಳೆಸಿದ್ದರು. ಆಸ್ಟಿನ್ನಿಗೆ ಬರುವ ಯಾರದೋ ಕಾರಿನಲ್ಲಿ ಎಲೆಗಳನ್ನು ಕಳಿಸಿದ್ದರು. ಬೇವು ಬೆಲ್ಲ ಆಯಿತು. ಹೋಳಿಗೆ, ಅದರ ಮೇಲೆ ತುಪ್ಪ, ತುಪ್ಪದ ಮೇಲೆ ಹಾಲು, ಕಟ್ಟಿನ ಸಾರು, ಕೋಸಂಬರಿ, ಹುಗ್ಗಿ. ನನಗೆ ಬಡಿಸುವಾಗಲೆಲ್ಲ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಅಪ್ಪನೂ ಐದು ಹೋಳಿಗೆ ತಿಂದು, ತಿಂದದ್ದಕ್ಕೆ ತನ್ನ ಮೇಲೇ ಬೇಸರಪಟ್ಟವನಂತೆ ಎದ್ದು ಹೋಗಿ ಗ್ಯಾರೇಜಿನ ಪಾತ್ರೆ ಉಜ್ಜಿದ. ಸಂಜೆ ಅವನು ಹುಣಸೆಹಣ್ಣು ನೆನೆಹಾಕುವಾಗ ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು:

“ನಾಳೆ ನಾನೂ ಬರ್ತೀನಿ.”

“ಎಲ್ಲಿಗೆ?”

“ಹೊಳಿಗೆ. ಹತ್ತ ವರ್ಷ ಜ್ವಾಪಾನ ಮಾಡಿದ ಹುಡುಗಿನ್ನ ಯಾವುದಕ್ಕ ಕೊಡಾಕತ್ತೀನಿ ಅಂತ ನೋಡಬ್ಯಾಡೇನು?”

ಹೀಗೆ ಕಾರ್ಲ್ ಅಂಕಲ್ ಸೇರಿ ನಾವು ನಾಲ್ವರೂ ಭಾನುವಾರ ಬೆಳಗ್ಗೆ ಹೊರಟೆವು. ದಾರಿಯ ಎರಡೂ ಬದಿ ಬ್ಲೂಬಾನೆಟ್ ಎಂಬ ನೀಲಿ ಕಾಡುಹೂವು ಅರಳಿತ್ತು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ, ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಹೊಳೆಯ ದಂಡೆಯ ಮರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಪರೀಕ್ಷೆಯ ಹಾಲಿನಲ್ಲಿ ಮೇಷ್ಟ್ರು ಕೂತ ಹಾಗೆ ಕೂತಳು. ಅಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಎಸೆದ, ಎಳೆದ, ಎಸೆದ. ನೋಟ್‌ಬುಕ್ಕಿನಲ್ಲಿದ್ದದ್ದೆಲ್ಲ ಮಾಡಿದ. ಕಾರ್ಲ್ ಅಂಕಲ್ ಕೊಟ್ಟ ಪುಟ್ಟ ಕೋಲು ಹಿಡಿದು ಅವರ ಪಕ್ಕದಲ್ಲಿ ನಾನೂ ಎಸೆಯುತ್ತಿದ್ದೆ. ಎರಡು ಗಂಟೆ ಕಳೆದರೂ ಅಪ್ಪನ ಗಾಳಕ್ಕೆ ಕಲ್ಲು ಮತ್ತು ಒಂದು ಕಾಲುಚೀಲ ಬಿಟ್ಟರೆ ಏನೂ ಸಿಕ್ಕಲಿಲ್ಲ. ಹತ್ತು ವರ್ಷ ಕಾದ ದಿನ ಬರಿಗೈ ಆಗುತ್ತದೇನೋ ಎಂದು ಅವನ ಮುಖ ಸಣ್ಣದಾಗುತ್ತ ಬಂತು. ನನಗೆ ಒಳಗೊಳಗೇ ಸಮಾಧಾನ. ಮೀನಿಲ್ಲದಿದ್ದರೆ ಪ್ರಶ್ನೆಯೂ ಇಲ್ಲ.

ಆಗ ನನ್ನ ಕೋಲಿನ ಟಕ್ ಟಕ್ ನಿಂತಿತು. ದಾರ ಭಾರವಾಯಿತು, ಆಮೇಲೆ ಕೈ ಕಿತ್ತುಬರುವ ಹಾಗೆ ಎಳೆಯಿತು. ಕಾರ್ಲ್ ಅಂಕಲ್ ನನ್ನ ಹಿಂದೆ ನಿಂತು ಸೊಂಟ ಹಿಡಿದುಕೊಂಡರು, ಅಪ್ಪ ನೀರಿನಲ್ಲಿ ಓಡಿ ಬಂದು ಬಲೆ ಹಾಕಿದ. ದಪ್ಪ ಹೊಟ್ಟೆಯ ದೊಡ್ಡ ಮೀನು, ಬಿಸಿಲಿಗೆ ಹೊಳೆಯುತ್ತಿತ್ತು. ಕಾರ್ಲ್ ಅಂಕಲ್ ಬಗ್ಗಿ ನೋಡಿ, ವಾಲೈ ಅಲ್ಲ ಎಂದು ಮೊದಲು ಹೇಳಿದರು. ಆಮೇಲೆ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಿ, ಹೆಣ್ಣು, ತುಂಬ ಮೊಟ್ಟೆಯಿದೆ, ತಮ್ಮ ಊರಿನಲ್ಲಿ ಇಂಥದನ್ನು ನೀರಿಗೆ ಬಿಟ್ಟುಬಿಡುತ್ತಾರೆ ಎಂದರು. ಅಪ್ಪನಿಗೆ ಅದರಲ್ಲಿ ಅರ್ಧ ಮಾತ್ರ ಕೇಳಿಸಿತು.

“ಮೊಟ್ಟೆ ಮೀನು ಕಣಮ್ಮಿ! ನಮ್ಮೂರಲ್ಲಿ ಇದಕ್ಕೆ ಕಿತ್ತಾಡ್ತಾರೆ.”

ಅಮ್ಮ ಕುರ್ಚಿಯಿಂದ ಎದ್ದು ಬಂದು, ಸೀರೆ ಎತ್ತಿಕೊಂಡು, ದೂರದಿಂದಲೇ ಬಗ್ಗಿ ನೋಡಿದಳು.

“ಆ ಅಂಕಲ್ ಏನಂತಾರ?”

“ಶೀ ಈಸ್ ಪ್ರೆಗ್ನೆಂಟ್,” ಎಂದೆ. “ಮೊಟ್ಟೆ ಇಡೋಕೆ ಮೇಲೆ ಹೋಗ್ತಾ ಇದೆಯಂತೆ. ಅದು ಹುಟ್ಟಿದ ಜಾಗಕ್ಕೆ.”

ಅಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

“ಬಸುರಿ,” ಎಂದಳು. “ತವರಿಗೆ ಹೊಂಟಾಳ.”

ನನ್ನನ್ನು ಹೊತ್ತಿದ್ದಾಗ ಅಮ್ಮ ಧಾರವಾಡಕ್ಕೆ ಹೋಗಲೆಂದು ಸೂಟ್‌ಕೇಸ್ ತುಂಬಿಸಿ ಇಟ್ಟಿದ್ದಳಂತೆ. ಅಜ್ಜ ಫೋನಿನಲ್ಲಿ ಬರುವುದು ಬೇಡ ಎಂದರಂತೆ. ಆ ಸೂಟ್‌ಕೇಸನ್ನು ಅವಳು ಎಷ್ಟೋ ದಿನ ಬಿಚ್ಚಿರಲಿಲ್ಲವಂತೆ. ಬಾಣಂತನವನ್ನು ಅಪ್ಪನೇ ಮಾಡಿದ. ಯಾರ ಯಾರಿಗೋ ಫೋನ್ ಮಾಡಿ ಕೇಳಿಕೊಂಡು ಬೆಳ್ಳುಳ್ಳಿ, ಮೆಣಸು, ತುಪ್ಪ ಹಾಕಿ ಏನೋ ಒಂದು ಕುದಿಸುತ್ತಿದ್ದ. ಅದನ್ನು ನುಂಗಿ ಬದುಕಿದ್ದೇ ತನ್ನ ಪುಣ್ಯ ಎಂದು ಅಮ್ಮ ನಗುನಗುತ್ತ ಹೇಳುತ್ತಿದ್ದಳು. ಸೂಟ್‌ಕೇಸಿನ ಭಾಗ ಹೇಳುವಾಗ ನಗುತ್ತಿರಲಿಲ್ಲ. ಇದು ನನಗೂ ಗೊತ್ತಿತ್ತು, ಬಲೆ ಹಿಡಿದು ನಿಂತಿದ್ದ ಅಪ್ಪನಿಗೂ ಗೊತ್ತಿತ್ತು. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅಮ್ಮ ಬಿಡಿ ಎಂದು ಹೇಳಲಿಲ್ಲ. ಹೇಳಿದ್ದರೆ ಅಪ್ಪ ವಾದಿಸುತ್ತಿದ್ದ.

“ನಿನ್ ಮೀನು ಮಗ,” ಎಂದ ಅಪ್ಪ ನನ್ನನ್ನು ನೋಡದೆ. “ಏನ್ ಮಾಡನ, ನೀನೇ ಹೇಳು.”

“ಬಿಡಪ್ಪ.”

ಅಪ್ಪ ಬಲೆಯನ್ನು ನೀರಿಗಿಳಿಸಿ, ಮೀನನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಬರುವ ಕಡೆಗೆ ಅದರ ಮುಖ ತಿರುಗಿಸಿದ. ಅದು ಒಂದು ಕ್ಷಣ ಅವನ ಕೈಯಲ್ಲೇ ನಿಂತು, ಬಾಲ ಬೀಸಿ ಅವನ ಕನ್ನಡಕದ ತುಂಬ ನೀರು ಚಿಮ್ಮಿಸಿ ಹೋಯಿತು. ಕನ್ನಡಕ ಒರೆಸುತ್ತ ಅವನು ಬಹಳ ಹೊತ್ತು ನಿಂತ. ಹಬ್ಬ ಮುಗಿಯಿತು ಎಂದುಕೊಂಡು ನಾನು ಕೋಲು ಮಡಚತೊಡಗಿದೆ.

“ಇದೇನು, ಗಂಟು ಕಟ್ಟಾಕತ್ತೀರಿ?” ಅಮ್ಮ ಕುರ್ಚಿಗೆ ವಾಪಸು ಹೋಗಿ ಕೂತಿದ್ದಳು. “ಗಂಡಸ್ರು ಯಾರೂ ಇಲ್ಲೇನ್ರಿ ಈ ಹೊಳ್ಯಾಗ? ಒಂದ್ ಗಂಡ್ ಮೀನ ಹಿಡೀರಿ. ಹಬ್ಬದ ದಿನ ಬರೇ ಕೈಲೆ ಮನಿಗೆ ಹೋಗಬಾರದು.”

ಅಪ್ಪ ತನ್ನ ಕಿವಿಯನ್ನೇ ನಂಬದವನಂತೆ ಅವಳನ್ನು ನೋಡಿದ. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ ಹೆಂಗಸು ದಂಡೆಯ ಮೇಲೆ ಕೂತು, ಅಲ್ಲಿ ಎಸೀರಿ, ಆ ಕಲ್ಲಿನ ಬಾಜೂಕ ಎಸೀರಿ, ಎಂದು ಕೈ ತೋರಿಸತೊಡಗಿದಳು. ಅವಳು ತೋರಿಸಿದ ಕಡೆಯೇ ಸಿಕ್ಕವು ಎಂದರೆ ಯಾರೂ ನಂಬುವುದಿಲ್ಲ, ನಿಜ ಹೇಳಬೇಕೆಂದರೆ ಸಿಕ್ಕಲೂ ಇಲ್ಲ. ಸಿಕ್ಕಿದ್ದು ಅವಳು ಬೇಡವೆಂದ ಕಡೆ. ಮೂರು ಮೀನು, ಸಪೂರವಾದವು. ಕಾರ್ಲ್ ಅಂಕಲ್ ಒಂದೊಂದನ್ನೂ ಹಿಡಿದು ನೋಡಿ ಗಂಡು ಎಂದು ಅಮ್ಮನಿಗೆ ತಲೆಯಾಡಿಸಿ ತೋರಿಸಿದ ಮೇಲೆಯೇ ಐಸ್ ಬಾಕ್ಸಿಗೆ ಹೋದವು.

ಮಧ್ಯಾಹ್ನ ಗ್ಯಾರೇಜಿನಲ್ಲಿ ನ್ಯೂಸ್ ಪೇಪರಿನ ಹಾಳೆ ಹಾಸಿ ಊಟಕ್ಕೆ ಕೂತೆವು. ಅಪ್ಪ, ನಾನು, ಕಾರ್ಲ್ ಅಂಕಲ್. ಅಪ್ಪ ಮೀನನ್ನು ತನ್ನ ಊರಿನ ರೀತಿಯಲ್ಲೇ ಅಡ್ಡಡ್ಡ ತುಂಡು ಮಾಡಿ, ಹುಳಿ ಖಾರ ಹಾಕಿ ಸಾರು ಕುದಿಸಿದ್ದ. ಜೊತೆಗೆ ರಾಗಿ ಮುದ್ದೆ. ಅಮ್ಮ ಅಡುಗೆಮನೆಯ ಬಾಗಿಲಿನಾಚೆ ನಿಂತಿದ್ದಳು, ಮೂಗಿಗೆ ಸೆರಗು ಹಿಡಿದು. ಕಾರ್ಲ್ ಅಂಕಲ್ ಒಂದು ತುತ್ತು ಮುದ್ದೆ ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ಮುದ್ದೆ ಅವರ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡು, ಮಾತು ನಿಂತು, ಕಣ್ಣು ದೊಡ್ಡದಾಯಿತು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಅಗಿಯಬಾರದು, ಮುದ್ದೆ ಹಲ್ಲಿಗಲ್ಲ, ಗಂಟಲಿಗೆ, ಸಾರಲ್ಲಿ ಅದ್ದಿ ಸುಮ್ಮನೆ ನುಂಗಿಬಿಡಬೇಕು ಎಂದು ಇಂಗ್ಲಿಷಿನಲ್ಲಿ ಅವರಿಗೆ, ಕನ್ನಡದಲ್ಲಿ ನನಗೆ ಹೇಳಿ, ಮೂರು ಸಲ ನುಂಗಿ ತೋರಿಸಿದ.

“ಇನ್ನೇನ್ ನೋಡ್ತಿದ್ದೀಯಾ? ನುಂಗು ಕಣಮ್ಮಿ.”

ಮೀನಿಗೆ ಬೇರೆ ನಿಯಮವಿದೆ ಎಂದು ಅವನು ಹೇಳಲಿಲ್ಲ. ಮುಳ್ಳಿನ ಜೊತೆ ಬೆಳೆದವರಿಗೆ ಅದು ಹೇಳಬೇಕಾದ ಮಾತು ಅನ್ನಿಸುವುದೇ ಇಲ್ಲವೇನೋ. ನಾನು ದೊಡ್ಡ ತುಂಡೊಂದನ್ನು ಮುದ್ದೆಗೆ ಒತ್ತಿ, ಸಾರಲ್ಲಿ ಅದ್ದಿ, ಕಣ್ಣು ಮುಚ್ಚಿ, ಹೇಳಿದ ಹಾಗೆಯೇ ನುಂಗಿದೆ.

ಮುಳ್ಳು ಗಂಟಲಿಗೆ ಅಡ್ಡ ನಿಂತಿತು. ನನಗೆ ಕೆಮ್ಮಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಅಪ್ಪ ಗಾಬರಿಯಾಗಿ ಇನ್ನೊಂದು ಬರೀ ಮುದ್ದೆ ನುಂಗಿಸಲು ಬಂದ. ಕಾರ್ಲ್ ಅಂಕಲ್ ಏನೋ ಹೇಳಲು ನೋಡಿದರು, ಬಾಯಿ ಇನ್ನೂ ಅಂಟಿಕೊಂಡಿತ್ತು. ಅಷ್ಟರಲ್ಲಿ ಅಮ್ಮ ಬರಿಗಾಲಿನಲ್ಲಿ ಬಂದು, ಅಪ್ಪನನ್ನು ಮೊಣಕೈಯಿಂದ ಆಚೆ ತಳ್ಳಿ, ನನ್ನ ತಲೆ ಹಿಂದಕ್ಕೆ ಬಾಗಿಸಿ, ಎರಡು ಬೆರಳು ಗಂಟಲಿಗೆ ಹಾಕಿದಳು. ಮುಳ್ಳು ಬಂತು. ಅದರ ಜೊತೆ ತೊಡಕಿನ ಊಟವೂ ಬಂತು, ಅವಳ ಸೀರೆಯ ಮೇಲೆ.

ಆಗ ನಾನು ಅತ್ತೆ. ಮುಳ್ಳಿಗಲ್ಲ. ಸಾರು ಬಹಳ ರುಚಿಯಾಗಿತ್ತು, ಅದನ್ನು ಅಮ್ಮನ ಎದುರು ಹೇಗೆ ಹೇಳುವುದೆಂದು ತಿಳಿಯದೆ ಅತ್ತೆ. ಅಪ್ಪ ನನ್ನ ತಟ್ಟೆ ಎತ್ತಲು ಹೋದ.

“ಸಾಕು ಬಿಡು ಮಗ. ಬ್ಯಾಡ. ಒಳಗೋಗಿ ಅಮ್ಮನ್ ಹತ್ರ ಮೊಸರನ್ನ ಉಣ್ಣು.”

“ಇಡ್ರಿ ಅದನ್ನ ಕೆಳಗ,” ಎಂದಳು ಅಮ್ಮ. ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. “ರುಚಿ ಹತ್ತೇತೇನು?”

“ಐ ಡೋಂಟ್ ನೋ,” ಎಂದೆ.

“ಇಂಗ್ಲಿಷಿನ್ಯಾಗ ಸುಳ್ಳ ಹೇಳಬ್ಯಾಡ.”

ನಾನು ಹೌದೆಂದು ತಲೆಯಾಡಿಸಿದೆ. ಅಮ್ಮ ನನ್ನ ಪಕ್ಕದಲ್ಲಿ ಹಾಳೆಯ ಮೇಲೆಯೇ ಕೂತು, ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಉಸಿರು ಬಿಗಿಹಿಡಿದು, ಮುಖ ಒಂದು ಕಡೆ ತಿರುಗಿಸಿ, ಮೊದಲು ಒಂದೇ ಬೆರಳಿನಿಂದ ಮೀನನ್ನು ಮುಟ್ಟಿದಳು. ಆಮೇಲೆ ಎರಡು ಬೆರಳು. ಆಮೇಲೆ ಮುಖವನ್ನೂ ತಟ್ಟೆಯ ಕಡೆ ತಿರುಗಿಸಿ, ಹತ್ತಿರ ಬಗ್ಗಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಮುಳ್ಳು ಆರಿಸಿ ಹಾಳೆಯ ಅಂಚಿಗೆ ಇಡತೊಡಗಿದಳು. ಮುಳ್ಳಿಲ್ಲದ ಚೂರನ್ನು ಬೆಳಕಿಗೆ ಹಿಡಿದು ನೋಡಿ, ಮುದ್ದೆಗೆ ಸೇರಿಸಿ, ನನ್ನ ಬಾಯಿಗಿಟ್ಟಳು.

“ಅಗದು ತಿನ್ನು,” ಎಂದಳು. “ನಿಮ್ಮಪ್ಪನ ಮಾತ ಕೇಳಬ್ಯಾಡ.”

ಇಡೀ ತುಂಡು ಮುಗಿಯುವವರೆಗೂ ಅವಳು ಏಳಲಿಲ್ಲ. ಅಪ್ಪ ತನ್ನ ತಟ್ಟೆ ಮುಟ್ಟದೆ ಅವಳ ಬೆರಳುಗಳನ್ನೇ ನೋಡುತ್ತ ಕೂತಿದ್ದ. ಕೊನೆಗೆ ಅವಳು ಎದ್ದು, ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಒಳಗೆ ಹೋದಳು. ಒಳಗೆ ನಲ್ಲಿ ಬಹಳ ಹೊತ್ತು ಓಡಿತು; ನಿಂತಿತು, ಮತ್ತೆ ಓಡಿತು. ಯಾವ ಒಲೆಯ ಕಡೆ ಎಂದು ಅಪ್ಪ ಹತ್ತು ವರ್ಷ ಕಾಪಾಡಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ನನಗೆ ಆ ದಿನವೂ ಕೇಳಲಿಲ್ಲ, ಆಮೇಲೆಯೂ ಕೇಳಲಿಲ್ಲ.